ಹ್ಯಾಲೋವೀನ್‌ಗೆ ಅಂತಲೇ ವಿದೇಶಕ್ಕೆ ಹೋಗಿ ಬಂದವರು ಇದ್ದೀರಾ?

ಬೆಣ್ಣೆದೋಸೆ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಬಯ್ಯಬೇಡಿ, ಪೂರ್ತಿ ಓದಿ.

ನನ್ನ ಮಗಳು ಏಳನೇ ಕ್ಲಾಸು. ಮೂರು ವರ್ಷದ ಹಿಂದೆ ಬೆಂಗಳೂರಲ್ಲಿ ಅವಳ ದೊಡ್ಡಮ್ಮನ ಅಪಾರ್ಟ್‌ಮೆಂಟ್‌ನಲ್ಲಿ ಹ್ಯಾಲೋವೀನ್ ಪಾರ್ಟಿ ನೋಡಿದಳು. ದೆವ್ವದ ವೇಷ ಹಾಕಿ, ಕುಂಬಳಕಾಯಿಗೆ ಮುಖ ಕೆತ್ತಿ ದೀಪ ಇಡುವ ವಿದೇಶಿ ಹಬ್ಬ ಅದು. ಅಲ್ಲಿಂದ ಶುರು. ಹೋದ ವರ್ಷ ಆಯುಧಪೂಜೆಗೆ ತಂದಿಟ್ಟ ಬೂದುಗುಂಬಳಕ್ಕೆ ಚಾಕು ಹಾಕಿ ಕಣ್ಣು, ಹಲ್ಲು ಕೆತ್ತಿದಳು. ನಮ್ಮತ್ತೆ ನೋಡಿ ಹೌಹಾರಿದರು. ಯಜಮಾನರು ಏನೂ ಮಾತಾಡಲಿಲ್ಲ. ಅದಕ್ಕೇ ಕುಂಕುಮ ತುಂಬಿ ಬೈಕ್ ಮುಂದೆ ಒಡೆದರು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ನಾನು ಬಾಯಿ ತಪ್ಪಿ, "ನಿಜವಾದ ಹ್ಯಾಲೋವೀನ್‌ಗೇ ಕರ್ಕೊಂಡು ಹೋಗ್ತೀನಿ ಸುಮ್ನಿರು" ಅಂದುಬಿಟ್ಟೆ. ಅವಳು ಅದನ್ನು ಕ್ಯಾಲೆಂಡರ್ ಹಿಂದೆ ಬರೆದು ತಾರೀಕು ಹಾಕಿ ಇಟ್ಟಿದ್ದಾಳೆ.

ಈಗ ವಿಷಯ. ಕಟ್ಟುತ್ತಿದ್ದ ಚೀಟಿ ಈ ಸಲ ನನಗೆ ಬಂದಿದೆ. ನಾನು, ಮಗಳು ಇಬ್ಬರೇ. ಯಜಮಾನರು "ದೆವ್ವ ನೋಡೋಕೆ ನಾನು ರಜೆ ಹಾಕಲ್ಲ" ಅಂದಿದ್ದಾರೆ. ಐದು ಲಕ್ಷದ ಒಳಗೆ, ಎಂಟು ದಿನ. 2026ರ ಅಕ್ಟೋಬರ್ 31 ಶನಿವಾರ ಬಂದಿದೆ. ದಸರಾ ರಜೆ ಮುಗಿದ ಮೇಲೆ ಶಾಲೆಗೆ ಒಂದು ವಾರ ಚಕ್ಕರ್ ಹೊಡೆಸಬೇಕು, ದೀಪಾವಳಿಗೆ ಮೊದಲೇ ವಾಪಸ್ ಬರಬೇಕು.

ಇಲ್ಲಿನ ಟ್ರಾವೆಲ್ಸ್‌ನವರು ಒಂದು ಪ್ಯಾಕೇಜ್ ಕೊಟ್ಟಿದ್ದಾರೆ. ಪ್ಯಾರಿಸ್ ಡಿಸ್ನಿಲ್ಯಾಂಡ್ ಎರಡು ದಿನ, ಆಮೇಲೆ ರೊಮೇನಿಯಾದ ಬ್ರಾನ್ ಕೋಟೆ, ಡ್ರಾಕುಲಾ ಕೋಟೆ ಅಂತಾರಲ್ಲ ಅದು. ಆರೂವರೆ ಲಕ್ಷ. ಮಗಳು ಕಾಗದ ನೋಡಿ, "ಅಮ್ಮ, ಡಿಸ್ನಿಲ್ಯಾಂಡಲ್ಲಿ ಯಾರು ಸತ್ತಿದ್ದಾರೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜವಾಗಿ ಆ ಹಬ್ಬ ಆಚರಿಸುವ ಊರು ಬೇಕು. ನಮ್ಮದು ಸಸ್ಯಾಹಾರ, ಮೊಟ್ಟೆ ತಿಂದರೆ ತಿಂದೆವು. ಯಾರಾದರೂ ಹೋಗಿ ಬಂದವರು ಹೇಳಿ.


ಹಳೇ ಟಿಕೆಟ್:

ನಾನು ಹೋಗಿದ್ದೆ ಮೇಡಂ, ಅಮೆರಿಕದ ಸೇಲಂಗೆ. ತಮಿಳುನಾಡಿನ ಸೇಲಂ ಅಲ್ಲ, ಬಾಸ್ಟನ್ ಪಕ್ಕದ್ದು. ತಮ್ಮ ಅಲ್ಲೇ ಇದ್ದಾನೆ.

ಮೊದಲು ಒಂದು ಮಾತು. ಅಕ್ಟೋಬರಿನ ಶನಿವಾರ ಅಲ್ಲಿಗೆ ಕಾರಲ್ಲಿ ಹೋಗುವವನು ಮೂರ್ಖ. ನಾನು ಆ ಮೂರ್ಖ. ಪಾರ್ಕಿಂಗ್ ಹುಡುಕಿದ್ದೇ ಒಂದೂ ಮುಕ್ಕಾಲು ಗಂಟೆ. ಬಾಸ್ಟನ್ನಿನ ನಾರ್ತ್ ಸ್ಟೇಷನ್ನಿಂದ ಲೋಕಲ್ ರೈಲು ಇದೆ, ಅರ್ಧ ಗಂಟೆ ಪ್ರಯಾಣ. ಅದನ್ನು ಬಿಟ್ಟು ಇನ್ನೇನೂ ಯೋಚಿಸಬಾರದು. ರೂಮು ಒಂದು ವರ್ಷ ಮೊದಲೇ ತುಂಬುತ್ತದೆ. ನಾವು ಕಾದಿರಿಸಿದ್ದ ಮನೆಯವರು ಹದಿನೈದು ದಿನ ಇರುವಾಗ ರದ್ದು ಮಾಡಿದರು. ಯಾಕೆ ಅಂದರೆ ಅದೇ ರೂಮಿಗೆ ಎರಡರಷ್ಟು ಕೊಡುವವರು ಸಿಕ್ಕಿದ್ದರು, ಅಷ್ಟೇ.

ಬೀದಿ ತುಂಬ ಮೊನಚು ಟೋಪಿ, ಪೊರಕೆ, ಮಾಟಗಾತಿ ಟೀಶರ್ಟು. ಮಕ್ಕಳಿಗೆ ಖುಷಿ. ನನಗೆ ಮಾತ್ರ ಒಂದು ಜಾಗದಲ್ಲಿ ಹೊಟ್ಟೆ ತೊಳೆಸಿದ ಹಾಗಾಯಿತು. 1692ರಲ್ಲಿ ಅಲ್ಲಿ ಮಾಟ ಮಾಡಿದರು ಅಂತ ಸುಳ್ಳು ಆರೋಪ ಹೊರಿಸಿ 19 ಜನರನ್ನು ನೇಣು ಹಾಕಿದರು. ಇನ್ನೊಬ್ಬ ಮುದುಕನ ಮೈಮೇಲೆ ಕಲ್ಲು ಹೇರಿ ಹೇರಿ ಸಾಯಿಸಿದರು. ಹಳೇ ಸ್ಮಶಾನದ ಪಕ್ಕದಲ್ಲೇ ಸ್ಮಾರಕ ಇದೆ. ಗೋಡೆಗೆ ಹೊಂದಿಕೊಂಡು 20 ಕಲ್ಲಿನ ಆಸನ, ಒಂದೊಂದರ ಮೇಲೆ ಒಂದು ಹೆಸರು. ಒಳಗೆ ಕಾಲಿಡುವ ಜಾಗದಲ್ಲಿ ಅವರು "ನಾನು ತಪ್ಪು ಮಾಡಿಲ್ಲ" ಅಂತ ಅಂಗಲಾಚಿದ ಮಾತುಗಳನ್ನು ನೆಲದ ಕಲ್ಲಿನಲ್ಲಿ ಕೆತ್ತಿದ್ದಾರೆ. ಮಾತು ಮುಗಿಯುವ ಮೊದಲೇ ಗೋಡೆ ಅಡ್ಡ ಬರುತ್ತದೆ. ಬೇಕಂತಲೇ ಹಾಗೆ ಮಾಡಿದ್ದಾರೆ. ನಾನು ಹೋದಾಗ ಆ ಆಸನಗಳ ಮೇಲೆ ಕೂತು ಜನ ಪಿಜ್ಜಾ ತಿನ್ನುತ್ತಿದ್ದರು.

ಹೋಗಬೇಡಿ ಅಂತಲ್ಲ. ಅಲ್ಲಿನ ಪೀಬಡಿ ಎಸೆಕ್ಸ್ ಮ್ಯೂಸಿಯಂನಲ್ಲಿ ನಮ್ಮ ದೇಶದ ಚಿತ್ರಕಲೆಯ ದೊಡ್ಡ ಸಂಗ್ರಹ ಇದೆ, ಯಾಕೆಂದರೆ ಆ ಊರಿನ ಹಡಗುಗಳು ಒಂದು ಕಾಲದಲ್ಲಿ ಕಲ್ಕತ್ತಾಕ್ಕೆ ವ್ಯಾಪಾರಕ್ಕೆ ಬರುತ್ತಿದ್ದವು. ಅದು ನನಗೆ ದೆವ್ವಕ್ಕಿಂತ ಹಿಡಿಸಿತು. ಆದರೆ ಎಂಟು ದಿನ, ಐದು ಲಕ್ಷ, ಅದರ ಮೇಲೆ ಅಮೆರಿಕದ ವೀಸಾ ಸಂದರ್ಶನಕ್ಕೆ ಕಾಯುವುದು. ನಿಮ್ಮ ಲೆಕ್ಕಕ್ಕೆ ಕೂಡಿ ಬರುವುದು ಕಷ್ಟ.


ಸಾಗರದವ, ಲೆಟರ್ಕೆನಿ:

ಅಕ್ಕಾ, ನಿಮ್ಮ ಮಗಳ ಪ್ರಶ್ನೆ ಸರಿಯಾಗಿಯೇ ಇದೆ. ಹಬ್ಬ ಹುಟ್ಟಿದ ಕಡೆಗೆ ಬನ್ನಿ. ಐರ್ಲೆಂಡ್.

ನಾನು ಇಲ್ಲಿ ಡೊನೆಗಲ್ ಜಿಲ್ಲೆಯಲ್ಲಿ ಏಳು ವರ್ಷದಿಂದ ಇದ್ದೇನೆ. ಹ್ಯಾಲೋವೀನ್‌ಗೆ ಇಲ್ಲಿನ ಹಳೇ ಹೆಸರು ಸಮ್ಹೈನ್. ಬರೆಯುವುದು ಹಾಗೆ, ಓದುವುದು ಮಾತ್ರ "ಸಾವಿನ್". ಆಫೀಸಿನಲ್ಲಿ ಮೊದಲ ಸಲ ಕೇಳಿದಾಗ ಇವರು ಕನ್ನಡ ಯಾವಾಗ ಕಲಿತರು ಅಂದುಕೊಂಡೆ. ಬೇಸಿಗೆ ಮುಗಿದು ಚಳಿಗಾಲ ಶುರುವಾಗುವ ರಾತ್ರಿ ಅದು. ಅವತ್ತು ಸತ್ತವರು ಮನೆಗೆ ಬರುತ್ತಾರೆ ಅಂತ ನಂಬಿಕೆ. ಹಿಂದೆಲ್ಲ ಬಾಗಿಲ ಚಿಲಕ ಹಾಕದೆ, ಒಲೆಯ ಬೆಂಕಿ ಆರಿಸದೆ, ಊಟ ತೆಗೆದಿಟ್ಟು ಮಲಗುತ್ತಿದ್ದರಂತೆ. ನಿಮ್ಮತ್ತೆಗೆ ಇದನ್ನು ಹೇಳಿ. ಪಕ್ಷದಲ್ಲಿ ಎಡೆ ಇಡುವ ಮನೆಯವರಿಗೆ ಇದು ಅರ್ಥವಾಗದೆ ಇರಲ್ಲ.

ಹೋಗಬೇಕಾದ ಊರು ಡೆರ್ರಿ. ಅದು ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್ನಿಗೆ ಸೇರಿದ್ದು. ರೂಮು ಹುಡುಕುವಾಗ "ಲಂಡನ್‌ಡೆರ್ರಿ" ಅಂತಲೂ ಹುಡುಕಿ. ಒಂದೇ ಊರಿಗೆ ಎರಡು ಹೆಸರು, ಅದರ ಹಿಂದೆ ದೊಡ್ಡ ಜಗಳ. ಊರಿನವರ ಮುಂದೆ ಡೆರ್ರಿ ಅಂದರೆ ಸಾಕು.

ಅಲ್ಲಿ ಹ್ಯಾಲೋವೀನ್ ಅಂದರೆ ನಮ್ಮ ಕಡೆ ಮಾರಿಜಾತ್ರೆ ಇದ್ದ ಹಾಗೆ. ಹಲವು ದಿನ ನಡೆಯುತ್ತದೆ. ಊರ ಸುತ್ತ 1613ರಿಂದ 1619ರ ನಡುವೆ ಕಟ್ಟಿದ ಕೋಟೆ ಗೋಡೆ ಇನ್ನೂ ಪೂರ್ತಿ ನಿಂತಿದೆ, ಸುಮಾರು ಒಂದೂವರೆ ಕಿಲೋಮೀಟರ್. ಗೋಡೆಯ ಮೇಲೆಯೇ ನಡೆಯಬಹುದು. ಆ ದಿನಗಳಲ್ಲಿ ಅದರ ತುಂಬ ಬೆಂಕಿ, ಬೆಳಕು, ವೇಷಗಾರರು. 31ರ ಸಂಜೆ ಮೆರವಣಿಗೆ, ಆಮೇಲೆ ಫಾಯ್ಲ್ ನದಿಯ ಮೇಲೆ ಬಾಣಬಿರುಸು. ಬೀದಿಯಲ್ಲಿ ನಡೆಯುವುದಕ್ಕೆಲ್ಲ ಟಿಕೆಟ್ ಇಲ್ಲ. ಬ್ಯಾಂಕಿನವರು, ಅಜ್ಜಿಯರು, ಕೈಗೂಸು, ಎಲ್ಲರೂ ವೇಷದಲ್ಲೇ. ವೇಷ ಇಲ್ಲದವರೇ ಅಲ್ಲಿ ವಿಚಿತ್ರವಾಗಿ ಕಾಣುತ್ತಾರೆ.

ಇದು ಶುರುವಾದ ಬಗೆಯನ್ನು ಊರಿನವರು ಹೀಗೆ ಹೇಳುತ್ತಾರೆ. 1980ರ ದಶಕ, ಅಲ್ಲಿ ಗಲಭೆ, ಬಾಂಬು, ಸೈನಿಕರ ಕಾಲ. ಒಂದು ಪಬ್‌ನಲ್ಲಿ ವೇಷದ ಪಾರ್ಟಿ ನಡೆಯುತ್ತಿತ್ತು. ಬಾಂಬ್ ಇದೆ ಅಂತ ಸುದ್ದಿ ಬಂದು ಎಲ್ಲರನ್ನೂ ಹೊರಗೆ ಕಳಿಸಿದರು. ಜನ ಮನೆಗೆ ಹೋಗಲಿಲ್ಲ. ವೇಷದಲ್ಲೇ ಬೀದಿಯಲ್ಲಿ ಕುಣಿದರು. ಮುಂದಿನ ವರ್ಷದಿಂದ ಅದೇ ಹಬ್ಬ. ನಿಮ್ಮ ಮಗಳಿಗೆ ಹೇಳಿ, ಅಲ್ಲಿ ನಿಜವಾಗಿಯೂ ಜನ ಸತ್ತಿದ್ದಾರೆ. ಅದಕ್ಕೇ ಅವರು ಇಷ್ಟು ಜೋರಾಗಿ ಕುಣಿಯುತ್ತಾರೆ ಅಂತ ನನಗೆ ಅನಿಸುತ್ತದೆ.

ಈಗ ವೀಸಾ. ಇದನ್ನು ಎರಡು ಸಲ ಓದಿ, ಯಾಕೆಂದರೆ ನಾನು ಇದರಲ್ಲೇ ಎರಡು ಹ್ಯಾಲೋವೀನ್ ಕಳೆದುಕೊಂಡಿದ್ದೇನೆ.

ಐರ್ಲೆಂಡಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ವೀಸಾ, ನಡೆಯಲ್ಲ. ಡಬ್ಲಿನ್‌ಗೆ ಐರ್ಲೆಂಡಿನ ವೀಸಾ, ಡೆರ್ರಿಗೆ ಬ್ರಿಟನ್ನಿನ ವೀಸಾ. ಆದರೆ ಭಾರತದವರಿಗೆ ಒಂದು ಅನುಕೂಲ ಇದೆ, ಬ್ರಿಟಿಷ್ ಐರಿಷ್ ವೀಸಾ ಯೋಜನೆ ಅಂತ. ಪ್ರವಾಸದ ವೀಸಾದ ಮೇಲೆ "ಬಿಐವಿಎಸ್" ಅಂತ ಗುರುತು ಇದ್ದರೆ ಒಂದೇ ವೀಸಾದಲ್ಲಿ ಎರಡೂ ಕಡೆ ತಿರುಗಬಹುದು. ಮುಖ್ಯ ಷರತ್ತು, ವೀಸಾ ಕೊಟ್ಟ ದೇಶದಲ್ಲೇ ಮೊದಲು ಇಳಿಯಬೇಕು. ಐರ್ಲೆಂಡಿನ ವೀಸಾ ತೆಗೆದುಕೊಂಡರೆ ಮೊದಲು ಡಬ್ಲಿನ್. ವೀಸಾ ಕೈಗೆ ಬಂದ ತಕ್ಷಣ ಆ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ ಡೆರ್ರಿ ಮರೆತುಬಿಡಿ. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಿಂದ ಅರ್ಜಿ ಹಾಕಬಹುದು, ಅಂದರೆ ಜುಲೈ ಕೊನೆಯಲ್ಲೇ ಹಾಕಿ. ಯಜಮಾನರು ಬರುತ್ತಿಲ್ಲ ಅಂದಿರಿ. ಮಗಳು 18ರ ಒಳಗಿನವಳು, ಹಾಗಾಗಿ ಅವರ ಸಹಿ ಇರುವ ಒಪ್ಪಿಗೆ ಪತ್ರ, ಅವಳ ಜನನ ಪ್ರಮಾಣಪತ್ರ ಎರಡೂ ಬೇಕು.

ನನ್ನ ಕಥೆ ಏನಾಯಿತು ಅಂದರೆ, ನಮ್ಮ ಮನೆಯಿಂದ ಡೆರ್ರಿ 35 ಕಿಲೋಮೀಟರ್. ಹೆಚ್ಚುಕಡಿಮೆ ಸಾಗರದಿಂದ ಜೋಗಕ್ಕೆ ಹೋದಷ್ಟು. ಗಡಿಯಲ್ಲಿ ಗೇಟಿಲ್ಲ, ಪೊಲೀಸಿಲ್ಲ. ರಸ್ತೆ ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದರೆ ದೇಶ ಬದಲಾಯಿತು ಅಂತ ಲೆಕ್ಕ. ಆದರೂ ಇಲ್ಲಿನ ರೆಸಿಡೆನ್ಸ್ ಕಾರ್ಡ್ ಇಟ್ಟುಕೊಂಡು ಭಾರತದ ಪಾಸ್‌ಪೋರ್ಟಿನವರು ಆಚೆಗೆ ಹೋಗುವ ಹಾಗಿಲ್ಲ, ಬ್ರಿಟನ್ ವೀಸಾ ಬೇಕು. "ಯಾರು ಕೇಳ್ತಾರೆ ಬಾ" ಅಂತ ಎಲ್ಲರೂ ಹೇಳುತ್ತಾರೆ. ಕೇಳುವವರು ಕೇಳಿದ ದಿನ ಕೆಲಸ ಹೋಗುತ್ತದೆ. ಮೊದಲ ಎರಡು ವರ್ಷ ಗಡಿಯ ಈಚೆ ಕಾರು ನಿಲ್ಲಿಸಿ, ಹೀಟರ್ ಹಾಕಿಕೊಂಡು, ದೂರದ ಆಕಾಶದಲ್ಲಿ ಬಣ್ಣ ನೋಡಿದೆವು. ಸದ್ದೂ ಕೇಳಿಸುತ್ತಿರಲಿಲ್ಲ. ಹೆಂಡತಿ ಥರ್ಮಾಸ್‌ನಲ್ಲಿ ಕಾಫಿ ತಂದಿದ್ದಳು. ಮೂರನೇ ವರ್ಷ ವೀಸಾ ಮಾಡಿಸಿದೆ.

ದಾರಿ ಸುಲಭ. ಬೆಂಗಳೂರಿನಿಂದ ದುಬೈ, ಅಬುಧಾಬಿ ಇಲ್ಲವೇ ದೋಹಾ ಮೇಲೆ ಡಬ್ಲಿನ್. ಡಬ್ಲಿನ್ ಏರ್‌ಪೋರ್ಟಿನಿಂದಲೇ ಡೆರ್ರಿಗೆ ನೇರ ಬಸ್ಸು ಇದೆ, ನಾಲ್ಕು ಗಂಟೆ ಹತ್ತಿರ. ರೂಮು ಈಗಲೇ ಕಾದಿರಿಸಿ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದು. ಅಕ್ಟೋಬರಿನ ಕೊನೇ ವಾರ ಇಲ್ಲಿನ ಶಾಲೆಗಳಿಗೂ ರಜೆ, ರೇಟು ಏರುತ್ತದೆ. ಡಬ್ಲಿನ್‌ನಲ್ಲಿ ಯೂರೋ, ಡೆರ್ರಿಯಲ್ಲಿ ಪೌಂಡ್. 25ನೇ ತಾರೀಕು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಸಂಜೆ ಐದಕ್ಕೆಲ್ಲ ಕತ್ತಲು. ಮಳೆ ಬರುತ್ತಾ ಅಂತ ಕೇಳಬೇಡಿ, ಬರುತ್ತದೆ. ಆಗುಂಬೆಯ ಹಾಗೆ ಸುರಿಯಲ್ಲ, ಪಿರಿಪಿರಿ ಅಂತ ದಿನವಿಡೀ. ಛತ್ರಿ ಗಾಳಿಗೆ ನಿಲ್ಲಲ್ಲ, ಟೋಪಿ ಇರುವ ಜಾಕೆಟ್ ತನ್ನಿ.

ಇನ್ನೊಂದು ಜಾಗ. ರಾಸ್‌ಕಾಮನ್ ಜಿಲ್ಲೆಯ ರಾತ್‌ಕ್ರೋಗನ್‌ನಲ್ಲಿ "ಬೆಕ್ಕುಗಳ ಗವಿ" ಇದೆ, ಊನಗಾಟ್ ಅಂತಾರೆ. ಸಾವಿನ್ ರಾತ್ರಿ ಬೇರೆ ಲೋಕದ ಜೀವಿಗಳೆಲ್ಲ ಹೊರಬರುವುದು ಆ ಬಾಯಿಂದಲೇ ಅಂತ ಹಳೇ ಕಥೆ. ಬೋರ್ಡು, ಬಣ್ಣ, ಏನೂ ಇಲ್ಲ. ಹೊಲದ ಅಂಚಿನಲ್ಲಿ ಒಂದು ಮುಳ್ಳಿನ ಗಿಡ, ಅದರ ಕೆಳಗೆ ಕಿಂಡಿ. ತಲೆಗೆ ಹೆಲ್ಮೆಟ್ ಕೊಡುತ್ತಾರೆ. ಕೆಸರಿನಲ್ಲಿ ತೆವಳಿಕೊಂಡು ಇಳಿಯಬೇಕು. ಒಳಗೆ ಹೋದ ಮೇಲೆ ಗೈಡ್ ಟಾರ್ಚ್ ಆರಿಸಲು ಹೇಳಿದ. ನಾನು ಮಲೆನಾಡಿನವ, ಕತ್ತಲೆ ಗೊತ್ತು ಅಂದುಕೊಂಡಿದ್ದೆ. ಅಂಥ ಕತ್ತಲೆ ನೋಡಿರಲಿಲ್ಲ. ಟುಲ್ಸ್ಕ್ ಎಂಬ ಹಳ್ಳಿಯಲ್ಲಿ ಅವರ ಕೇಂದ್ರ ಇದೆ, ಅಲ್ಲಿಂದ ಗೈಡ್ ಜೊತೆಗೇ ಹೋಗಬೇಕು. ಆದರೆ ಕಾರಿಲ್ಲದೆ ತಲುಪುವುದು ರಗಳೆ. ಇಬ್ಬರೇ ಹೆಣ್ಣುಮಕ್ಕಳು ಬಸ್ಸಿನಲ್ಲಿ ತಿರುಗುವುದಾದರೆ ಇದನ್ನು ಬಿಟ್ಟು ಮೀತ್ ಜಿಲ್ಲೆಯ ಟ್ರಿಮ್‌ಗೆ ಹೋಗಿ. ಡಬ್ಲಿನ್‌ನಿಂದ ಬಸ್ಸಲ್ಲಿ ಒಂದು ಗಂಟೆ ಚಿಲ್ಲರೆ. ದೊಡ್ಡ ಕೋಟೆ ಇದೆ, ಅದೇ ದಿನಗಳಲ್ಲಿ ಪೂಕಾ ಹಬ್ಬವೂ ಇರುತ್ತದೆ. ಪೂಕಾ ಅಂದರೆ ರೂಪ ಬದಲಿಸುವ ಭೂತ. ಸಾವಿನ್ ಆದ ಮೇಲೆ ಬೇಲಿಯ ಬ್ಲ್ಯಾಕ್‌ಬೆರಿ ತಿನ್ನಬಾರದು, ಪೂಕಾ ಅದರ ಮೇಲೆ ಉಗುಳಿರುತ್ತಾನೆ ಅಂತ ಇಲ್ಲಿನ ಅಜ್ಜಿಯರು ಈಗಲೂ ಹೇಳುತ್ತಾರೆ.


ಬೆಣ್ಣೆದೋಸೆ, ದಾವಣಗೆರೆ:

ತಮ್ಮಾ, ಇಷ್ಟು ಬರೆದಿದ್ದಕ್ಕೆ ದೊಡ್ಡ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಗವಿಗೇ ಹೋಗಬೇಕಂತೆ. ನಾನು ಲಿಫ್ಟ್‌ನಲ್ಲೇ ಬೆವರುವವಳು.

ಯಜಮಾನರ ಸಹಿ ಬೇಕು ಅಂದಿದ್ದನ್ನು ಅವರು ಕೇಳಿಸಿಕೊಂಡರು. ಎರಡು ದಿನದಿಂದ ಬಹಳ ಗತ್ತಿನಲ್ಲಿ ಓಡಾಡುತ್ತಿದ್ದಾರೆ.

ಇನ್ನು ಎರಡೇ ಪ್ರಶ್ನೆ. ಊಟಕ್ಕೆ ಏನು ಗತಿ? ಮತ್ತೆ ವೇಷ ಎಲ್ಲಿ ಕೊಳ್ಳುವುದು? ಇಲ್ಲಿಂದಲೇ ತರಬೇಕಾ?


ಸಾಗರದವ, ಲೆಟರ್ಕೆನಿ:

ಊಟದ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಹ್ಯಾಲೋವೀನ್ ದಿನ ಇಲ್ಲಿನ ಕ್ಯಾಥೊಲಿಕರು ಹಿಂದೆ ಮಾಂಸ ಮುಟ್ಟುತ್ತಿರಲಿಲ್ಲ, ಮಾರನೇ ದಿನ ಸಂತರ ಹಬ್ಬ ಅಂತ. ಹಾಗಾಗಿ ಆ ದಿನದ ಹಳೇ ಅಡುಗೆಯೆಲ್ಲ ಆಲೂಗಡ್ಡೆಯದ್ದೇ. ಕೋಲ್‌ಕ್ಯಾನನ್ ಅಂತ ಮಾಡುತ್ತಾರೆ, ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಕೋಸು ಬೆರೆಸಿ ನಡುವೆ ಗುಳಿ ಮಾಡಿ ಬೆಣ್ಣೆ ಹಾಕುವುದು. ದಾವಣಗೆರೆಯವರಿಗೆ ಬೆಣ್ಣೆ ಬಗ್ಗೆ ನಾನೇನು ಹೇಳಲಿ. ಉಪ್ಪಿನಕಾಯಿ ಒಂದು ಬಾಟಲಿ ತಂದರೆ ಮುಗಿಯಿತು. ಆಮೇಲೆ ಬಾರ್ಮ್‌ಬ್ರ್ಯಾಕ್, ಒಣದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡು. ಅದರೊಳಗೆ ಒಂದು ಉಂಗುರ ಇಟ್ಟಿರುತ್ತಾರೆ, ಯಾರ ತುಂಡಿನಲ್ಲಿ ಬರುತ್ತದೋ ಅವರಿಗೆ ವರ್ಷದೊಳಗೆ ಮದುವೆ. ಅಂಗಡಿಯದ್ದರಲ್ಲೂ ಇರುತ್ತದೆ. ಕಚ್ಚುವಾಗ ಹುಷಾರು, ನನ್ನ ಹಲ್ಲು ಒಂದು ಮೂಲೆಯಲ್ಲಿ ಮುಕ್ಕಾಗಿದೆ.

ವೇಷ ಕೊಳ್ಳಬೇಡಿ. ಅಂಗಡಿಯ ಪ್ಲಾಸ್ಟಿಕ್ ಅಸ್ಥಿಪಂಜರ ಅಲ್ಲಿ ಸಾವಿರ ಜನ ಹಾಕಿರುತ್ತಾರೆ. ನನ್ನ ಹೆಂಡತಿ ಕುಂದಾಪುರದವಳು. ಅವಳು ಮೋಹಿನಿ ಆದಳು. ಬಿಳೀ ಸೀರೆ, ಒಳಗೆ ಎರಡು ಥರ್ಮಲ್, ಬಿಚ್ಚಿದ ಕೂದಲು. ಅಷ್ಟಾದರೆ ಏನೂ ವಿಶೇಷ ಇಲ್ಲ, ಅಲ್ವಾ? ಅದಕ್ಕೆ ಹಳೇ ಶೂಗಳ ಮುಂಭಾಗ ಕತ್ತರಿಸಿ ಬೂಟಿನ ಹಿಮ್ಮಡಿಗೆ ಅಂಟಿಸಿದೆ. ಸೀರೆಯ ಅಂಚಿನ ಕೆಳಗೆ ಪಾದ ಹಿಂದುಮುಂದಾಗಿ ಕಾಣಬೇಕು. ಡೆರ್ರಿಯಲ್ಲಿ ಮೊದಲ ಅರ್ಧ ಗಂಟೆ ಯಾರೂ ಗಮನಿಸಲಿಲ್ಲ. ಆಮೇಲೆ ಒಬ್ಬ ಹುಡುಗ ಕೆಳಗೆ ನೋಡಿ ಕಿಟಾರನೆ ಕಿರುಚಿದ. ನಮ್ಮ ಫೋಟೋ ತೆಗೆದವರಿಗೆ ಲೆಕ್ಕವಿಲ್ಲ.

ಒಬ್ಬ ಅಜ್ಜಿ ಮಾತ್ರ ಹೆದರಲಿಲ್ಲ. ಇವಳ ಕೂದಲು ನೋಡಿ, "ನಿನ್ನ ಬಾಚಣಿಗೆ ಎಲ್ಲಿ?" ಅಂತ ಕೇಳಿದಳು. ಇಲ್ಲಿ ಬ್ಯಾನ್ಶೀ ಅಂತ ಒಂದು ಹೆಣ್ಣು ಇದ್ದಾಳೆ, ಮನೆಯಲ್ಲಿ ಸಾವು ಬರುವ ಮುಂಚೆ ಅಳುತ್ತಾಳೆ, ಕೂತು ಕೂದಲು ಬಾಚುತ್ತಾಳೆ. ದಾರಿಯಲ್ಲಿ ಬಿದ್ದ ಬಾಚಣಿಗೆ ಎತ್ತಬಾರದು, ಅವಳದ್ದಾಗಿರಬಹುದು. ನಮ್ಮಮ್ಮ ಸಂಜೆ ಹೊತ್ತು ತಲೆ ಬಾಚಬೇಡ ಅನ್ನುತ್ತಿದ್ದುದು ನೆನಪಾಯಿತು. ಆ ಅಜ್ಜಿ, ನನ್ನ ಹೆಂಡತಿ ಇಬ್ಬರೂ ಕೋಟೆ ಗೋಡೆಗೆ ಒರಗಿ ಇಪ್ಪತ್ತು ನಿಮಿಷ ದೆವ್ವದ ಮಾತಾಡಿದರು. ನಾನು ಸುಮ್ನೆ ಬ್ಯಾಗು ಹಿಡಿದು ನಿಂತಿದ್ದೆ.


ನಿವೃತ್ತ ಮೇಷ್ಟ್ರು:

ಈ ಚರ್ಚೆಗೆ ಯಾಕೆ ಬಂದೆನೋ ಗೊತ್ತಿಲ್ಲ, ಬಂದೆ. ನನಗೊಂದು ಸಂಶಯ. ಕುಂಬಳಕಾಯಿ ಒಳಗೆ ದೀಪ ಇಡುತ್ತಾರಲ್ಲ, ಅದಕ್ಕೇನು ಕಾರಣ? ಕುಂಬಳಕಾಯಿ ಅಮೆರಿಕದ ಬೆಳೆ. ಐರ್ಲೆಂಡಿನಲ್ಲಿ ಎಲ್ಲಿಂದ ಬಂತು?


ಸಾಗರದವ, ಲೆಟರ್ಕೆನಿ:

ಸರ್, ಸರಿಯಾಗಿ ಹಿಡಿದಿರಿ. ಇಲ್ಲಿ ಮೊದಲು ಕೆತ್ತುತ್ತಿದ್ದುದು ಟರ್ನಿಪ್, ನಮ್ಮ ನವಿಲುಕೋಸಿನ ದಾಯಾದಿ. ಇಲ್ಲಿಂದ ಅಮೆರಿಕಕ್ಕೆ ಹೋದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು. ದೊಡ್ಡದು, ಮೆತ್ತಗೆ, ಕೆತ್ತಲು ಸಲೀಸು. ಮೇಯೋ ಜಿಲ್ಲೆಯ ಟರ್ಲೋ ಪಾರ್ಕಿನಲ್ಲಿ ರಾಷ್ಟ್ರೀಯ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಅಲ್ಲಿ ನಮ್ಮ ಡೊನೆಗಲ್ ಕಡೆಯ ಹಳೇ ಟರ್ನಿಪ್ ದೀಪದ ಅಚ್ಚು ಇಟ್ಟಿದ್ದಾರೆ. ಸುಕ್ಕುಗಟ್ಟಿದ ಮುದುಕನ ಮುಖ, ಬಾಯಲ್ಲಿ ನಾಲ್ಕೈದು ಹಲ್ಲು. ಅದರ ಮುಂದೆ ಕುಂಬಳಕಾಯಿ ಮಗುವಿನ ಹಾಗೆ ಕಾಣುತ್ತದೆ.

ಆ ದೀಪಕ್ಕೆ ಜಾಕ್ ಓ ಲ್ಯಾಂಟರ್ನ್ ಅನ್ನುತ್ತಾರಲ್ಲ, ಆ ಹೆಸರು ಮೊದಲು ಇದ್ದುದು ರಾತ್ರಿ ಜೌಗು ನೆಲದ ಮೇಲೆ ತೇಲುವ ಬೆಳಕಿಗೆ.


ನಿವೃತ್ತ ಮೇಷ್ಟ್ರು:

ಹಾಗಾದರೆ ಅದು ಕೊಳ್ಳಿದೆವ್ವ! ನಮ್ಮಪ್ಪ ಗದ್ದೆ ಬಯಲಲ್ಲಿ ನೋಡಿದ್ದೆ ಅನ್ನುತ್ತಿದ್ದರು. ನಲವತ್ತು ವರ್ಷ ವಿಜ್ಞಾನ ಪಾಠ ಮಾಡಿ ಅದು ಇಲ್ಲ ಅಂತ ಹೇಳಿಕೊಟ್ಟಿದ್ದೇನೆ. ಈಗ ಜನ ಅದನ್ನು ನೋಡಲು ವಿಮಾನ ಹತ್ತುತ್ತಾರೆ. ಹೋಗಿ ಬನ್ನಿ ತಾಯಿ.


ಹಳೇ ಟಿಕೆಟ್:

ಸಾಗರದವರೇ, ಒಂದು ಕುತೂಹಲ. ಆ ರಾತ್ರಿ ವೇಷ ಹಾಕಿ ಮನೆಮನೆಗೆ ಸಿಹಿ ಕೇಳಲು ಹೋಗುವ ಅಲ್ಲಿನ ಮಕ್ಕಳು ನಿಮ್ಮ ಮನೆಗೂ ಬರುತ್ತಾರಾ?


ಸಾಗರದವ, ಲೆಟರ್ಕೆನಿ:

ಬರುತ್ತಾರೆ ಸರ್, ಕತ್ತಲಾದ ಕೂಡಲೇ. ಡೆರ್ರಿಗೆ ಹೋಗದೆ ಮನೆಯಲ್ಲೇ ಇದ್ದ ಒಂದು ವರ್ಷ, ಒಂದು ಪ್ಯಾಕೆಟ್ ಚಾಕಲೇಟ್ ಸಾಕು ಅಂದುಕೊಂಡಿದ್ದೆವು. ಏಳು ಗಂಟೆಗೆ ಖಾಲಿ. ಮತ್ತೆ ಬಾಗಿಲು ಬಡಿದರು. ಊರಿಂದ ತಂದಿದ್ದ ಚಕ್ಕುಲಿ ಕೊಟ್ಟೆವು. ಅದೂ ಖಾಲಿ. ಆಮೇಲೆ ಹೆಂಡತಿ ದೀಪ ಆರಿಸಿ, ಒಂದು ಹಾಳೆಯ ಮೇಲೆ ಕನ್ನಡದಲ್ಲಿ "ನಾಳೆ ಬಾ" ಅಂತ ಬರೆದು ಬಾಗಿಲಿಗೆ ಅಂಟಿಸಿದಳು.

ನಮ್ಮ ಕಡೆ ಎಷ್ಟೋ ವರ್ಷ ದೆವ್ವ ಅದನ್ನು ಓದಿ ವಾಪಸ್ ಹೋಗಿತ್ತು. ಇಲ್ಲಿನ ದೆವ್ವಗಳಿಗೆ ಕನ್ನಡ ಬರಲ್ಲ. ಒಂಬತ್ತರವರೆಗೂ ಬಡಿಯುತ್ತಲೇ ಇದ್ದವು. ಬೆಳಗ್ಗೆ ನವೆಂಬರ್ 1, ಪಕ್ಕದ ಮನೆಯವರು ಅದೇನು ಬರಹ ಅಂತ ಕೇಳಿದರು. ನಮ್ಮ ರಾಜ್ಯದ ಹಬ್ಬ, ನಮ್ಮ ಭಾಷೆ ಅಂತ ಹೇಳಿದೆ. ಪೂರ್ತಿ ಸುಳ್ಳೇನಲ್ಲ.


ಬೆಣ್ಣೆದೋಸೆ, ದಾವಣಗೆರೆ:

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ನಿನ್ನೆ ರಾತ್ರಿ ಡೆರ್ರಿಯಲ್ಲಿ ಮೂರು ರಾತ್ರಿಗೆ ರೂಮು ಕಾದಿರಿಸಿದೆ, ಕೋಟೆ ಗೋಡೆಯಿಂದ ಹತ್ತು ನಿಮಿಷದ ನಡಿಗೆ. ಟ್ರಿಮ್ ಪಕ್ಕಾ. ಗವಿಯ ಬಗ್ಗೆ ಇನ್ನೂ ಜಗಳ ನಡೆಯುತ್ತಿದೆ.

ಅತ್ತೆಗೆ ಊಟ ತೆಗೆದಿಟ್ಟು ಮಲಗುವ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲೂ ಬರ್ತಾರಂತಾ?" ಅಂದರು. ನಮ್ಮ ಮಾವ ತೀರಿಕೊಂಡು ನಾಲ್ಕು ವರ್ಷ. ಅವರು ಪಾಸ್‌ಪೋರ್ಟ್ ಮಾಡಿಸಿಟ್ಟುಕೊಂಡು ಎಲ್ಲಿಗೂ ಹೋಗಲಿಲ್ಲ. ಇವತ್ತು ಬೆಳಗ್ಗೆ ಅತ್ತೆ ಬೀರುವಿನಿಂದ ತಮ್ಮ ಬಿಳೀ ಸೀರೆ ಒಂದನ್ನು ತೆಗೆದು ಮೊಮ್ಮಗಳಿಗೆ ಕೊಟ್ಟಿದ್ದಾರೆ.

ಹಿಂದುಮುಂದು ಶೂ ಕೆಲಸ ಯಜಮಾನರು ವಹಿಸಿಕೊಂಡಿದ್ದಾರೆ. ಯಾವ ಗೋಂದು ಹಾಕಿದಿರಿ ಅಂತ ಕೇಳು ಅಂತಿದ್ದಾರೆ, ಹೇಳಿ.